ತೊಟ್ಟಿಲಲ್ಲಿದ್ದ ಉಸಿರು

“ಅರ್ಧಕ್ಕ ಸಾಲಿ ಬಿಟ್ಟಾಂವ ಅರ್ಧ ಕೂಸು ಹುಟ್ಟಸಾಕ ಹೊಂಟಾನ. ಇದರಾಗ ಸೋಜಿಗ ಏನೈತ್ರಿ?”

ಬ್ಯಾಡಗಿ ಮೆಣಸಿನಕಾಯಿ ಪೇಟೆಯ ನಟ್ಟನಡುವೆ ನಿಂತು ಚನ್ನವೀರಪ್ಪ ಈ ಮಾತು ಆಡಿದ. ಮೆಲ್ಲಗೆ ಆಡಿದ್ದರೆ ಬೇರೆ ಮಾತು. ಖರೀದಿದಾರರಿಗೂ, ರಾಶಿ ಕಾಯುತ್ತ ಕೂತ ರೈತರಿಗೂ, ಚಹಾದ ಕಿಟ್ಲಿ ಹಿಡಿದು ಅಡ್ಡಾಡುವವನಿಗೂ ಕೇಳಲಿ ಎಂದೇ ಆಡಿದ. ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೆಯುವ ದಿವಾನಜಿ ಅವನು. ಕಿವಿಯ ಮೇಲೆ ಪೆನ್ನು ಸಿಕ್ಕಿಸಿಕೊಂಡು ಹುಟ್ಟಿದವನ ಹಾಗೆ ನಡೆಯುವ ಮನುಷ್ಯ. ಮಾತು ಹೋಗಿ ತಾಗಿದ್ದು ಬೆನ್ನ ಮೇಲೆ ಚೀಲ ಹೊತ್ತು ಅಲ್ಲೇ ಹಾಯುತ್ತಿದ್ದ ಹಮಾಲ ಫಕೀರೇಶನಿಗೆ. ಅವನ ಸ್ವಂತ ಅಳಿಯನಿಗೆ.

ಹಿಂದಿನ ದಿನವಷ್ಟೇ ಫಕೀರೇಶನ ಹೆಂಡತಿ ದಾಕ್ಷಾಯಣಿಯ ಬಸುರಿನ ಸ್ಕ್ಯಾನ್ ಆಗಿತ್ತು. ಕೂಸಿನ ಎದೆಗೂ ಹೊಟ್ಟೆಗೂ ನಡುವೆ ಇರಬೇಕಾದ ಪರದೆಯಲ್ಲಿ ತೂತು ಇದೆ, ಕರುಳು ಆ ತೂತಿನಿಂದ ಮೇಲೇರಿ ಎದೆಯಲ್ಲಿ ಕೂತಿದೆ, ಎಡಗಡೆಯ ಶ್ವಾಸಕೋಶಕ್ಕೆ ಬೆಳೆಯಲು ಜಾಗವೇ ಇಲ್ಲ ಎಂದು ಡಾಕ್ಟರು ಹೇಳಿದ್ದರು. ಗಂಡ ಹೆಂಡತಿ ಬಸ್ಸಿಳಿಯುವ ಮೊದಲೇ ಸುದ್ದಿ ಊರು ಮುಟ್ಟಿತ್ತು.

ಚೀಲ ನೆಲಕ್ಕೆ ಬಿತ್ತು. ಒಣ ಮೆಣಸಿನಕಾಯಿಯ ಘಾಟು ಬುಗ್ ಎಂದು ಎದ್ದಿತು.

“ನನ್ನ ಕೂಸು ಅರ್ಧ ಅಂದ್ರ ನಿನ್ನ ನಾಲಿಗಿ ಪೂರಾ ಕೀಳ್ತೀನಿ, ಮುದುಕಾ!”

ನಾಲ್ಕು ಜನ ಹಮಾಲರು ಕೂಡಿ ಹಿಡಿಯದಿದ್ದರೆ ಕೀಳುತ್ತಿದ್ದನೋ ಏನೋ. ಅಂಗಿ ಹರಿಯಿತು, ಕಿವಿಯ ಪೆನ್ನು ಹಾರಿ ರಾಶಿಯಲ್ಲಿ ಮಾಯವಾಯಿತು. ಸಿಟ್ಟು ಬಂದಾಗ ಫಕೀರೇಶನ ಉಸಿರು ಕಮ್ಮಾರನ ತಿದಿಯ ಹಾಗೆ ಆಚೆ ಸಾಲಿನವರೆಗೂ ಕೇಳಿಸುತ್ತಿತ್ತು. ಮಾಸ್ತರರ ಮೇಲೆ ಪಾಟಿ ಒಗೆದು ಏಳನೆಯ ಇಯತ್ತೆಯಲ್ಲೇ ಸಾಲಿ ಬಿಟ್ಟವನು. ಪಾಟಿ ಒಗೆಯುವ ಮೊದಲು ಮಾಸ್ತರು ಏನೆಂದಿದ್ದರು ಎಂದು ಈವರೆಗೆ ಒಬ್ಬರೂ ಕೇಳಿಲ್ಲ. ಹೊಲವಿಲ್ಲ, ಮನೆಯಿಲ್ಲ, ಪದವಿಯಿಲ್ಲ. ಅವನದು ಅನ್ನುವಂಥದ್ದು ಒಂದೇ ಇತ್ತು: ಬೈದವನಿಗೆ ತಿರುಗಿ ಬೈದ ಹೊರತು ಅವನು ಅನ್ನ ಉಂಡವನಲ್ಲ.

*

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಅನಸೂಯಾ ಪಡಸಲಗಿ ಬಿಳಿ ಹಾಳೆಯ ಮೇಲೆ ಒಂದು ಎದೆಗೂಡು ಗೀಚಿ, ಕೆಳಗೆ ಡೊಂಕು ಗೆರೆ ಎಳೆದು ತೋರಿಸಿದರು.

“ಇದ ಪರದೆ. ವಪೆ ಅಂತಾರ. ಇದು ಕೆಳಗ ಜಗ್ಗಿದಾಗ ಗಾಳಿ ಒಳಗ ಬರ್ತದ, ಮ್ಯಾಲೆ ಬಂದಾಗ ಹೊರಗ ಹೋಗ್ತದ.”

“ತೂತು ಹೊಲದ್ರ ಆತಲ್ರೀ ಬಾಯಾರ,” ಎಂದ ಫಕೀರೇಶ. ಚೀಲ ಹೊಲಿದ ಕೈ ಅವನದು.

“ಹೊಲಿಯೂದು ಸುಲಭ. ಆದರ ಶ್ವಾಸಕೋಶ ಮಲ್ಲಿಗಿ ಮೊಗ್ಗಿನಷ್ಟ ಅದ. ಮಷೀನಿನಿಂದ ಗಾಳಿ ಒತ್ತಿದ್ರ ಮೊಗ್ಗು ಹರೀತದ. ಒತ್ತದಿದ್ರ ಕೂಸು ನೀಲಿಗಟ್ತದ. ಎಷ್ಟೋ ಮಕ್ಕಳು ಉಳದಾವ, ಎಷ್ಟೋ ಹೋಗ್ಯಾವ. ಉಳದಾವೆಲ್ಲಾ ಆರಾಮ ಇರ್ತಾವಂತ ನಾ ಸುಳ್ಳು ಹೇಳೂದಿಲ್ಲ. ಕುಡದ ಹಾಲು ಹೊರಳಿ ಬರ್ತದ, ತೂಕ ಹತ್ತೂದಿಲ್ಲ, ನಾಕು ಹೆಜ್ಜಿ ಓಡಿದ್ರ ದಮ್ಮು. ಪ್ಲಾಸ್ಟಿಕ್ಕಿನ ತೇಪಿ ಹಚ್ಚತೀವಿ. ಕೂಸು ಬೆಳೀತದ, ತೇಪಿ ಬೆಳಿಯೂದಿಲ್ಲ. ಮತ್ತ ಹರೀತದ.”

ದಾಕ್ಷಾಯಣಿ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದಳು. “ಮತ್ತ ಬ್ಯಾರೆ ದಾರಿ?”

ಬೇರೆ ದಾರಿ ಇತ್ತು. ಹೊಸದು. ತಾಯಿಯ ಅಥವಾ ತಂದೆಯ ವಪೆಯಿಂದ ಉಗುರಿನಷ್ಟು ಚೂರು ತೆಗೆದು, ರಸದ ತೊಟ್ಟಿಯಲ್ಲಿ ಅದನ್ನು ಬೆಳೆಸಿ, ಹಾಳೆಯಷ್ಟು ತೆಳುವಾದ ಜೀವಂತ ಸ್ನಾಯುವಿನ ಪರದೆ ಮಾಡುವುದು. ಕೂಸು ಹುಟ್ಟಿದ ಕೂಡಲೆ ಕರುಳನ್ನು ಕೆಳಗಿಳಿಸಿ ಈ ಪರದೆ ಹೊಲಿಯುವುದು. ಅದು ತಾನೇ ಆಡುತ್ತದೆ, ಮೊಗ್ಗನ್ನು ಒಳಗಿನಿಂದ ಮೆಲ್ಲಗೆ ಅರಳಿಸುತ್ತದೆ, ಕೂಸಿನ ಜೊತೆಗೇ ಬೆಳೆಯುತ್ತದೆ. ಮುಂದೆ ಕೂಸಿನ ಸ್ವಂತ ನರ ಬಳ್ಳಿಯಂತೆ ಹಬ್ಬಿ ಅದರ ಲಗಾಮು ಹಿಡಿಯುತ್ತದೆ.

“ನಂದ ತಗೋರಿ,” ಎಂದ ಫಕೀರೇಶ, ಡಾಕ್ಟರು ಪೂರ್ತಿ ಹೇಳಿ ಮುಗಿಸುವ ಮೊದಲೇ. “ಆಕಿ ಮೈಯಾಗ ರಕ್ತ ಇಲ್ಲ.”

ತೆಗೆದರು. ಪಕ್ಕೆಯಲ್ಲಿ ಒಂದು ಹೊಲಿಗೆ, ಅಷ್ಟೇ.

ಪರದೆ ನೋಡಲು ಕರೆದ ದಿನ ಆಸ್ಪತ್ರೆಯ ಬಾಗಿಲಲ್ಲಿ ಕಾವಲುಗಾರ ಅವನ ಚಪ್ಪಲಿ ನೋಡಿ, ಅಂಗಿ ನೋಡಿ, “ಏಯ್, ಹಿಂದಿನ ಗೇಟಿನಿಂದ ಬಾ” ಎಂದ. ಫಕೀರೇಶ ಅವನಿಗೆ ಸಲ್ಲಬೇಕಾದ್ದನ್ನೆಲ್ಲ ಸಲ್ಲಿಸಿ, ಮುಂದಿನ ಬಾಗಿಲಿನಿಂದಲೇ ಮಹಡಿ ಹತ್ತಿದ. ಲ್ಯಾಬಿನೊಳಗೆ ಗಾಜಿನ ತೊಟ್ಟಿಯ ಮುಂದೆ ಡಾಕ್ಟರು ನಿಂತಿದ್ದರು. ಮುಖ ಬಿಳುಚಿತ್ತು.

“ಈಗ ಕೆಳಗ ಯಾರ ಜೋಡಿ ಜಗಳ ಆಡಿದ್ರಿ?”

“ನಿಮಗ್ಯಾರು ಹೇಳಿದ್ರು?”

ಡಾಕ್ಟರು ತೊಟ್ಟಿಯತ್ತ ಕಣ್ಣು ತಿರುಗಿಸಿದರು. ನಸುಗೆಂಪು ರಸದಲ್ಲಿ ಕಾಸಿದ ಹಾಲಿನ ಕೆನೆಯಂಥದ್ದೊಂದು ತೇಲುತ್ತಿತ್ತು. ಮೆಟ್ಟಿಲು ಹತ್ತಿ ಬಂದ ಅವನ ಎದೆ ಏರಿಳಿಯುತ್ತಿದ್ದ ಹಾಗೆಯೇ ಅದೂ ಏರುತ್ತಿತ್ತು, ಇಳಿಯುತ್ತಿತ್ತು. ಅವನು ದಣಿವಾರಿಸಿಕೊಂಡ. ಅದೂ ಆರಿಸಿಕೊಂಡಿತು. ಅವನು ಉಸಿರು ಹಿಡಿದ.

ಕೆನೆ ನಿಂತುಬಿಟ್ಟಿತು. ನಡುವೆ ಒಂದು ಉಬ್ಬು ಎದ್ದು, ಕಾಯುವವರ ಹಾಗೆ.

ಅವನು ಹೆದರಿ ಉಸಿರು ಬಿಟ್ಟ.

“ಹಳೇ ಮೈಯ ರೂಢಿ ಸ್ವಲ್ಪ ದಿನ ಇರ್ತದ,” ಎಂದರು ಡಾಕ್ಟರು, ತಮಗೆ ತಾವೇ ಹೇಳಿಕೊಳ್ಳುವ ಹಾಗೆ. “ಬ್ಯಾರೆ ಮಕ್ಕಳದೂ ಹಿಂಗ ಇತ್ತು. ಆಮ್ಯಾಲೆ ಬಿಟ್ಟು ಹೋತು.”

“ಇದು ರೂಢಿ ಅಲ್ರೀ. ಇದು ಕೇಳಿಸ್ಕೊಳ್ಳಾಕತ್ತೈತಿ.”

ಡಾಕ್ಟರು ತೊಟ್ಟಿಯ ಮೇಲೆ ಮುಚ್ಚಳ ಎಳೆದರು.

*

ಹೆಣ್ಣು ಕೂಸು ಹುಟ್ಟಿತು. ಅಳಲಿಲ್ಲ, ಅಳುವಷ್ಟು ಗಾಳಿ ಇರಲಿಲ್ಲ. ಒಳಗೆ ಒಯ್ದು ಕರುಳು ಇಳಿಸಿ, ಪರದೆ ಹೊಲಿದರು. ನೀಲಿ ತುಟಿಗೆ ಕೆಂಪು ಬಂತು. ನರ್ಸುಗಳು ಮಾತ್ರ ಪದೇ ಪದೇ ಬಂದು ನೋಡುತ್ತಿದ್ದರು. ಎಳೆಗೂಸುಗಳ ಉಸಿರು ಗುಬ್ಬಿಯ ಎದೆಯಂತೆ ಪಟಪಟ ಅನ್ನಬೇಕು. ಇದರದು ದುಡಿದು ಬಂದು ಮಲಗಿದ ಗಂಡಸಿನ ಉಸಿರು. ದೀರ್ಘ, ನಿಧಾನ. ಬಾಗಿಲ ಹೊರಗಿನ ಬೆಂಚಿನಲ್ಲಿ ಫಕೀರೇಶ ತಲೆ ವಾಲಿಸಿ ನಿದ್ದೆ ಹೋಗಿದ್ದ.

ಊರಿಗೆ ಕರೆತಂದರು. ತೊಟ್ಟಿಲು ಕಟ್ಟಿದರು. ಫಕೀರೇಶ ಪೇಟೆಗೆ ಹೋಗತೊಡಗಿದ. ಒಂದು ಸಂಜೆ ಅವನು ಕಾಲು ತೊಳೆಯುತ್ತಿದ್ದಾಗ ದಾಕ್ಷಾಯಣಿ ಕೇಳಿದಳು: “ಇವತ್ತ ಊಟದ ಹೊತ್ತಿಗೆ ನಿಮಗ ಕೆಮ್ಮು ಬಂದಿತ್ತೇನ್ರಿ? ಬಾಳ ಹೊತ್ತು?”

“ಹೊಸಾ ರಾಶಿ ಸುರುವಿದ್ರು. ಘಾಟು ಕಣ್ಣಿಗೆ ಕತ್ತಲಿ ತರಿಸ್ತು. ಯಾಕ?”

“ಈಕಿನೂ ಕೆಮ್ಮಿದ್ಲು. ಕದಾ ಕಿಡಕಿ ಎಲ್ಲಾ ಮುಚ್ಚಿದ್ದೆ. ಮನ್ಯಾಗ ಒಂದು ಒಗ್ಗರಣಿ ಸೈತ ಹಾಕಿಲ್ಲ ನಾ. ದೊಡ್ಡವರು ಕೆಮ್ಮಿದಂಗ ಕೆಮ್ಮಿದ್ಲು. ಆಮ್ಯಾಲೆ...” ದಾಕ್ಷಾಯಣಿ ನಕ್ಕಳು, ಆ ನಗೆಯಲ್ಲಿ ನಗೆ ಇರಲಿಲ್ಲ. “ಆಮ್ಯಾಲೆ ಬಾಯಿ ಅಲ್ಲಾಡಿಸಿದ್ಲು. ಯಾರಿಗೋ ಬೈದಂಗ.”

ಅವನು ಕೆಮ್ಮು ನಿಂತ ಮೇಲೆ ರಾಶಿ ಸುರಿದವನಿಗೆ ಬೈದಿದ್ದ. ಅದನ್ನು ಹೆಂಡತಿಗೆ ಹೇಳಲಿಲ್ಲ.

ಹೆಸರಿಡುವ ದಿನ ಓಣಿಯ ಹೆಂಗಸರೆಲ್ಲ ಸೇರಿದರು. ಚನ್ನವೀರಪ್ಪನೂ ಬಂದ, ಮಗಳ ಮನೆ, ಬಾರದೆ ಬಿಟ್ಟರೆ ನಾಲ್ಕು ಜನ ಏನೆಂದಾರು! ಬಾಗಿಲ ಹತ್ತಿರ, ಹೋಗಲು ಸಿದ್ಧನಾದವನ ಹಾಗೆ ಕೂತಿದ್ದ. ಫಕೀರೇಶನ ಅಕ್ಕ ಕಾಶವ್ವ ಸೋದರತ್ತೆ. ತೊಟ್ಟಿಲೊಳಗೆ ಬಗ್ಗಿ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು “ಶಿವಲೀಲಾ” ಎಂದು ಹೆಸರು ಉಸುರಿದಳು. ಉಸುರಿದವಳ ಬೆನ್ನಿಗೆ ಉಳಿದ ಹೆಂಗಸರು ಗುದ್ದಬೇಕು, ಅದು ಪದ್ಧತಿ. ಧಬಧಬ ಗುದ್ದಿದರು.

“ಏ, ನನಗ್ಯಾಕ ಗುದ್ದತೀರೇ!” ಕಾಶವ್ವ ನಗುತ್ತ ತಪ್ಪಿಸಿಕೊಂಡಳು. “ಕೂಸಿಗೆ ಉಸಿರು ಕೊಟ್ಟಾಂವ ಅಲ್ಲಿ ನಿಂತಾನ ನೋಡ್ರಿ. ಆ ಗಂಡಬಾಣಂತಿಗೆ ಗುದ್ದರಿ!”

ನಗೆ ಹೊಳೆಯಾಯಿತು. ಹೆಂಗಸರು ಸೆರಗು ಸಿಕ್ಕಿಸಿ ಫಕೀರೇಶನ ಮೇಲೆ ಬಿದ್ದರು. ಅವನೂ ನಗುತ್ತಲೇ ಬೆನ್ನು ಕೊಟ್ಟ. ಬೆನ್ನ ನಡುಭಾಗಕ್ಕೆ ಒಂದು ಗುದ್ದು ಸರಿಯಾಗಿಯೇ ಬಿತ್ತು.

ಹುಕ್.

ಅವನ ಗಂಟಲಿನಿಂದ ಆ ಸದ್ದು ಬಂತು. ತೊಟ್ಟಿಲಿನಿಂದಲೂ ಅದೇ ಸದ್ದು ಬಂತು. ಚಿಕ್ಕದಾಗಿ. ಜೋಗುಳ ಹಾಡುತ್ತಿದ್ದವಳು ಬಗ್ಗಿ ನೋಡಿ ಚೀರಿದಳು. ಕೂಸಿನ ತುಟಿ ನೇರಳೆ ಹಣ್ಣು ತಿಂದಂತಾಗಿತ್ತು.

ಫಕೀರೇಶನ ತಲೆಗೆ ಸಿಟ್ಟು ಏರಿತು. ಯಾರು ಗುದ್ದಿದ್ದು? ತಿರುಗಿ ಮುಷ್ಟಿ ಕಟ್ಟಿದ. ಉಸಿರು ಎದೆಯಲ್ಲೇ ಗಂಟು ಬಿದ್ದಿತ್ತು. ಅವನ ಸಿಟ್ಟು ಬಿಗಿದಷ್ಟೂ ಕೂಸಿನ ಮುಖ ಕಪ್ಪಿಟ್ಟಿತು. ದಾಕ್ಷಾಯಣಿ ಕೂಸನ್ನು ಎತ್ತಿಕೊಳ್ಳಲಿಲ್ಲ. ಗಂಡನ ಬಳಿ ಓಡಿಬಂದು ಎರಡೂ ಕೈಯಿಂದ ಅವನ ಮುಖ ಹಿಡಿದುಕೊಂಡಳು.

“ಉಸಿರು ಬಿಡ್ರೀ! ಮೊದಲ ನೀವು ಬಿಡ್ರಿ. ನೀವು ಬಿಟ್ರ ಆಕಿ ಬಿಡ್ತಾಳ!”

ಅವನು ಮುಷ್ಟಿ ಸಡಿಲಿಸಿದ. ಬಿಟ್ಟ. ತಗೊಂಡ. ಬಿಟ್ಟ. ತೊಟ್ಟಿಲಿನಲ್ಲಿ ಶಿವಲೀಲಾ ಬಿಟ್ಟಳು, ತಗೊಂಡಳು, ಬಿಟ್ಟಳು. ಬಣ್ಣ ತಿರುಗಿತು. ಹೆಂಗಸರು ಒಬ್ಬೊಬ್ಬರಾಗಿ ಗೋಡೆಗೆ ಅಂಟಿ ಹೊರಗೆ ಸರಿದರು. ಕೊಬ್ಬರಿ, ಗುಗ್ಗರಿ ತಟ್ಟೆಯಲ್ಲೇ ಉಳಿದವು. ಚನ್ನವೀರಪ್ಪ ಎಲ್ಲವನ್ನೂ ನೋಡಿದ. ನೋಡಿದ್ದು ಅವನ ಮನಸ್ಸಿನಲ್ಲಿ ಒಂದು ಕಡೆ ಹೋಗಿ ಕೂತಿತು.

*

ಅಂದಿನಿಂದ ಫಕೀರೇಶ ಘಾಟಿನ ಕಡೆ ಹೋಗುವುದನ್ನು ಬಿಟ್ಟ. ಮೆಣಸಿನಕಾಯಿ ಕಾಯ್ದಿಡುವ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಹಿಡಿದ. ಅಲ್ಲಿ ಘಾಟಿಲ್ಲ, ಧೂಳಿಲ್ಲ, ಜನವೂ ಕಡಿಮೆ. ಹೊರಗೆ ಬಿಸಿಲು ಹೆಂಚು ಕಾಸುತ್ತಿದ್ದರೆ ಒಳಗೆ ಮೂಳೆ ಕಟಗುಟ್ಟುವ ಚಳಿ. ಮಾಡಿನವರೆಗೆ ಚೀಲಗಳು, ನಡುವೆ ಓಣಿ, ಓಣಿಯಲ್ಲಿ ಒಬ್ಬ ಮನುಷ್ಯ ಮತ್ತು ಅವನ ಬಾಯಿಂದ ಬರುವ ಹಬೆ.

ಪೇಟೆಯ ಗೆಳೆಯರು ಅವನ ಜೊತೆ ಈಗ ಗಾಜಿನ ಸಾಮಾನಿನ ಜೊತೆ ನಡೆದುಕೊಂಡಂತೆ ನಡೆದುಕೊಳ್ಳುತ್ತಿದ್ದರು. ಯಾರೂ ಬೆನ್ನು ತಟ್ಟುತ್ತಿರಲಿಲ್ಲ. ಚೇಷ್ಟೆ ಮಾಡಿದವನನ್ನು ಉಳಿದವರು ಚಿವುಟುತ್ತಿದ್ದರು: “ಸುಮ್ನಿರಲೇ, ಕೂಸು ಐತಿ.” ಅವನು ಬಾಯಿಗೆ ಬಂದ ಬೈಗುಳವನ್ನು ಉಗುಳಿನ ಜೊತೆ ನುಂಗುವುದನ್ನು ಕಲಿತ. ನುಂಗಿದ್ದು ಕರಗುತ್ತಿರಲಿಲ್ಲ. ಕಲ್ಲಿನ ಹಾಗೆ ಒಂದರ ಮೇಲೊಂದು ಬಿದ್ದಿರುತ್ತಿತ್ತು.

ಶಿವಲೀಲಾ ಬೆಳೆದಳು. ಹಾಲು ಹೊರಳಿ ಬರಲಿಲ್ಲ. ತೊಡೆಗೆ ಮಡಿಕೆ ಬಿದ್ದವು. ಮಗ್ಗುಲು ಹೊರಳಿದಳು. ಮಗಳನ್ನು ಎದೆಯ ಮೇಲೆ ಹಾಕಿಕೊಂಡು ಮಲಗಿದರೆ ಎರಡು ಮೈಯಲ್ಲಿ ಒಂದೇ ಅಲೆ ಎದ್ದು ಬಿದ್ದಂತಾಗುತ್ತಿತ್ತು. ಆ ಹೊತ್ತಿನಲ್ಲಿ ಅವನಿಗೆ ಜಗತ್ತಿನ ಯಾರ ಮೇಲೂ ಸಿಟ್ಟು ಬರುತ್ತಿರಲಿಲ್ಲ. ಅದೇ ಅವನಿಗೆ ಸ್ವಲ್ಪ ಅಂಜಿಕೆ ತರುತ್ತಿತ್ತು.

ಒಂದು ಮಧ್ಯಾಹ್ನ ಕೋಲ್ಡ್ ಸ್ಟೋರೇಜಿನಲ್ಲಿ ಚೀಲ ಎತ್ತಲು ಬಗ್ಗಿದ. ಭಾರ ಎತ್ತುವಾಗ ಹಮಾಲ ಮೊದಲು ಎದೆ ತುಂಬ ಉಸಿರು ತಗೊಂಡು ಹಿಡಿಯುತ್ತಾನೆ; ಸೊಂಟ ಉಳಿಯುವುದೇ ಆ ಹಿಡಿತದಲ್ಲಿ. ಅವನೂ ಹಿಡಿದ, ಬಾಯಿ ಮುಚ್ಚಿ.

ಕಣ್ಣೆದುರು ಹಬೆ ಬಂತು.

ಸಣ್ಣ ಹಬೆ. ಅದರ ಹಿಂದೆ ಇನ್ನೊಂದು. ಮತ್ತೊಂದು. ಅವನ ಮೂಗಿನಿಂದಲೇ ಬರುತ್ತಿದ್ದವು, ಗುಬ್ಬಿಯ ಎದೆ ಪಟಪಟ ಅನ್ನುವ ಲಯದಲ್ಲಿ. ಅವನು ಹಿಡಿದೇ ಇದ್ದ. ಹಿಡಿದಿದ್ದೇನೆ ಅಂದುಕೊಂಡಿದ್ದ. ಚೀಲ ಕೈಜಾರಿತು. ಓಣಿಯಲ್ಲಿ ನಿಂತು ತನ್ನ ಮೂಗಿನಿಂದ ಹೊರಡುತ್ತಿದ್ದ ಆ ಪುಟ್ಟ ಮೋಡಗಳನ್ನು ಬೇರೆ ಯಾರದೋ ಎನ್ನುವಂತೆ ನೋಡಿದ. ಮನೆಯಲ್ಲಿ ಮಗಳು ಏನನ್ನೋ ಕಂಡು ಖುಷಿಯಾಗಿರಬೇಕು. ಅವನ ಪಕ್ಕೆ ನಗುವಿಗೆ ಕುಲುಕಿತು. ನಗಲು ಅಲ್ಲೇನೂ ಇರಲಿಲ್ಲ.

*

ಡಾಕ್ಟರು ತಂದೆಯ ಎದೆಗೊಂದು ಪಟ್ಟಿ ಕಟ್ಟಿದರು, ಮಗಳಿಗೊಂದು. ಮಾನಿಟರಿನ ಮೇಲೆ ಎರಡು ಗೆರೆ ಓಡತೊಡಗಿದವು.

“ಮೊದಲು ನಿಮ್ಮ ಗೆರಿ ಮುಂದ ಇತ್ತು, ಕೂಸಿಂದು ಕೂದಲೆಳಿಯಷ್ಟು ಹಿಂದ.” ಅವರು ಬೆರಳಿಟ್ಟು ತೋರಿಸಿದರು. “ಈಗ ನೋಡ್ರಿ. ಆಕಿ ಮುಂದ.”

“ಕೂಸಿಗೆ ಛಲೋನ ಏನ್ರಿ ಇದು?”

“ಬಾಳ ಛಲೋ. ಆಕಿ ನರ ಬೆಳದದ, ಲಗಾಮು ಕೈಗೆ ಬಂದದ. ಎಡಗಡೆ ಶ್ವಾಸಕೋಶ ತುಂಬ್ಯದ. ಇಂಥ ಫಲ ನಮ್ಮ ಯಾವ ಕೂಸಿನಾಗೂ ನಾವು ಕಂಡಿಲ್ಲ.”

ಮೇಜಿನ ಮೇಲೆ ಮಲಗಿದ್ದ ಶಿವಲೀಲಾ ತಂದೆಯ ಕಡೆ ನೋಡುತ್ತಿದ್ದಳು. ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

“ಮತ್ತ ನನಗ?”

ಡಾಕ್ಟರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. “ಉಳದ ಮಕ್ಕಳು ಹೆಂಗದಾವ, ಎಷ್ಟು ಬೆಳದಾವ, ಎಲ್ಲಾ ನೋಡೀವಿ. ಅಪ್ಪಂದಿರನ್ನ ಯಾರೂ ತಪಾಸ ಮಾಡಿಲ್ಲ, ಫಕೀರೇಶ.”

“ಬಿಡಿಸಾಕ ಬರ್ತೈತೇನು?”

“ಪರದೆ ತಗೀಬೇಕಾಗ್ತದ.” ಮುಂದಿನದನ್ನು ಹೇಳದೆ ಅವರು ಕೂಸಿನ ಕಾಲು ಮುಟ್ಟಿದರು. “ಒಂದು ಮಾತು ನೆನಪಿಡ್ರಿ. ನೀವು ಜೋರು ಮಾಡಿದ್ರ ನಿಮ್ಮ ಉಸಿರು ಇನ್ನೂ ನಿಮ್ಮ ಮಾತು ಕೇಳ್ತದ. ಆದರ ಆ ಕಡೆ ಇರೂದು ಎಳೆ ನರ. ನೀವು ಕಸಗೊಂಡ್ರ ಆಕಿದು ಹರೀತದ. ಒಮ್ಮೆ ಹರದ್ರ...”

“ತಿಳೀತ್ರಿ.”

“ಸಿಟ್ಟು ಮಾಡ್ಕೋಬ್ಯಾಡ್ರಿ ಅಂತ ಹೇಳೂದು ನನಗೂ ಸರಿ ಕಾಣೂದಿಲ್ಲ.”

“ಸಿಟ್ಟು ಮಾಡ್ಕೋತೀನ್ರಿ,” ಎಂದ ಅವನು. ಮೂರು ಬಾರಿ ಉಸಿರು ತಗೊಂಡು ಆ ಮಾತು ಮುಗಿಸಿದ. “ಹೊರಗ ಹಾಕೂದಿಲ್ಲ.”

*

ಹೊಸ ಬೆಳೆ ಪೇಟೆಗೆ ಬಂದ ಕಾಲಕ್ಕೆ, ಕೋಲ್ಡ್ ಸ್ಟೋರೇಜಿನ ಚೀಲಗಳ ಗಾಡಿಯ ಜೊತೆ ಫಕೀರೇಶ ಪೇಟೆಗೆ ಬರಬೇಕಾಯಿತು. ಬಾಯಿ ಮೂಗಿಗೆ ಒದ್ದೆ ಟವೆಲ್ ಸುತ್ತಿಕೊಂಡಿದ್ದ. ಮೊದಲಿನ ಹಾಗೆ ಚೀಲ ಎತ್ತಲು ಆಗುತ್ತಿರಲಿಲ್ಲ. ಇಬ್ಬರು ಎತ್ತುವ ಕಡೆ ಒಂದು ತುದಿ ಹಿಡಿಯುತ್ತಿದ್ದ. ಕೆಂಪು ರಾಶಿಗಳ ನಡುವೆ ಅದೇ ಜಾಗ. ಕಿಟ್ಲಿಯವನು ಅವನೇ. ಚನ್ನವೀರಪ್ಪನೂ ಅವನೇ, ಕಿವಿಯ ಮೇಲೆ ಹೊಸ ಪೆನ್ನು.

“ಬಂದ್ಯಾ ಗಂಡಬಾಣಂತಿ?” ಎಂದ ಚನ್ನವೀರಪ್ಪ. ಜನ ತಿರುಗಿದರು. ಹರಿದ ಅಂಗಿಯ ಸಿಟ್ಟನ್ನು ಅವನು ಇಷ್ಟು ದಿನ ಬೆಚ್ಚಗೆ ಇಟ್ಟುಕೊಂಡಿದ್ದ. “ಮುಖಕ್ಕ ಬಟ್ಟಿ ಸುತಿಗೊಂಡು ಹೊಸಾ ಸೊಸಿಯಾಗಿ ಬಂದಾನ ನೋಡ್ರಿ. ಅಂದು ನಾ ಇಲ್ಲೇ ನಿಂತು ಏನಂದಿದ್ದೆ? ಅರ್ಧ ಕೂಸು ಅಂದಿದ್ದೆ. ತಪ್ಪಾತ್ರಪಾ! ಮೊಮ್ಮಗಳು ಪೂರಾ ಅದಾಳ, ಗುಂಡಕಲ್ಲಿನಂಗ. ಅರ್ಧ ಆಗಿದ್ದು ಈ ನನ್ನ ಅಳಿಯ!”

ಹಮಾಲರು ಕೊಕ್ಕೆ ಕೆಳಗಿಟ್ಟರು. ಯಾರೂ ನಗಲಿಲ್ಲ. ಹಿಡಿಯಲು ನಾಲ್ಕು ಜನ ಹಳೆಯ ರೂಢಿಯಂತೆ ಮುಂದೆ ಬಂದು ನಿಂತರು.

ಫಕೀರೇಶ ಟವೆಲ್ ಬಿಚ್ಚಿದ.

ಉತ್ತರ ಸಿದ್ಧವಿತ್ತು. ಇಷ್ಟು ದಿನ ನುಂಗಿದ್ದೆಲ್ಲ ಒಟ್ಟಿಗೆ ಎದ್ದು ಗಂಟಲಿಗೆ ಬಂದು ನಿಂತಿತ್ತು. ಹೇಳಿದ್ದರೆ ಮುದುಕ ಮತ್ತೆ ಆ ಪೇಟೆಗೆ ಕಾಲಿಡುತ್ತಿರಲಿಲ್ಲ. ಅವನು ಬಾಯಿ ತೆರೆದ. ಗಾಳಿ ಹೊರಗೆ ಹೋಗಲಿಲ್ಲ. ಒಳಗೆ ಬಂತು. ಒಂದು ಗುಟುಕು. ಹೋಯಿತು. ಮತ್ತೊಂದು ಗುಟುಕು. ಅಂಗೈಯಷ್ಟು ಗಾಳಿ, ಒಂದು ಅಕ್ಷರಕ್ಕೆ ಸಾಕು, ಒಂದು ಬೈಗುಳಕ್ಕೆ ಸಾಲದು. ಎರಡು ಓಣಿ ಆಚೆ, ಜಗ್ಗಿ ಬಿಟ್ಟ ತೊಟ್ಟಿಲಿನಲ್ಲಿ ಶಿವಲೀಲಾ ಹಾಲು ಕುಡಿದು ಮಲಗಿದ್ದಳು. ಅವನಿಗೆ ಗೊತ್ತಾಗುತ್ತಿತ್ತು. ನಾಲಿಗೆಯ ಮೇಲೆ ಅವನು ಕುಡಿಯದ ಹಾಲಿನ ರುಚಿ ಇತ್ತು.

ಕಸಿದುಕೊಳ್ಳಬಹುದಿತ್ತು. ಒಂದೇ ಸಲ ಹೊಟ್ಟೆ ಬಿಗಿದು ನೂಕಿದರೆ ಸಾಕು, ಹಳೆಯ ತಿದಿ ತೆರೆದುಕೊಳ್ಳುತ್ತಿತ್ತು. ಹೊಟ್ಟೆ ಬಿಗಿಯಿತು ಕೂಡ. ಆ ಬಿಗಿಗೆ ಆ ಕಡೆಯಿಂದ ಒಂದು ಸಣ್ಣ ಜಗ್ಗು ಬಂತು. ನಿದ್ದೆಯಲ್ಲಿ ಕೂಸು ಅಪ್ಪನ ಬೆರಳು ಹಿಡಿದು ಬಿಡದೆ ಇರುತ್ತದಲ್ಲ, ಹಾಗೆ.

“ಯಾಕಲೇ? ಮಾತು ಬಾರದ?” ಎಂದ ಚನ್ನವೀರಪ್ಪ. ಅವನ ದನಿಯಲ್ಲೇ ಈಗ ಏನೋ ಅಳುಕು. ಅಳಿಯನ ಕಣ್ಣು ಬೆಂಕಿಯಾಗಿತ್ತು. ಎದೆ ಮಾತ್ರ ಪುಟ್ಟ ಪುಟ್ಟದಾಗಿ, ಹಾಯಾಗಿ, ಏರುತ್ತಿತ್ತು, ಇಳಿಯುತ್ತಿತ್ತು. ಒಂದೇ ಮೈಯಲ್ಲಿ ಇಬ್ಬರನ್ನು ಕಂಡಂತಾಗಿ ಮುದುಕ ಒಂದು ಹೆಜ್ಜೆ ಹಿಂದೆ ಸರಿದ.

ಫಕೀರೇಶ ಹೊಟ್ಟೆ ಸಡಿಲ ಬಿಟ್ಟ.

ಟವೆಲನ್ನು ಹೆಗಲ ಮೇಲೆ ಹಾಕಿಕೊಂಡ. ತಿರುಗಿದ. ರಾಶಿಗಳ ನಡುವಿನ ದಾರಿಯಲ್ಲಿ, ತೊಟ್ಟಿಲು ತೂಗಿದಷ್ಟೇ ಮೆಲ್ಲಗೆ, ಗೇಟಿನ ಕಡೆ ನಡೆದುಹೋದ.